ಸೂಜಿಮೆತ್ತೆಯ ಆನೆ, ಗೀರುತಳದ ಡಬ್ಬಿ: ಹಳೆಯ ಬೆಳ್ಳಿಯನ್ನು ತಕ್ಕಡಿಗೆ ಹಾಕುವ ಮುನ್ನ

ಪ್ರಶ್ನೆ: ನಾನು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯವಳು. ನಮ್ಮ ಮುತ್ತಾತ ಗಣಿ ಕಂಪನಿಯ ಇಂಗ್ಲಿಷ್ ಇಂಜಿನಿಯರ್ ಒಬ್ಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಆ ದೊರೆ ಊರಿಗೆ ಮರಳುವಾಗ ಕೊಟ್ಟು ಹೋದರೆಂದು ಹೇಳುವ ಕೆಲವು ಬೆಳ್ಳಿ ಸಾಮಾನು ಅಮ್ಮನ ಟ್ರಂಕಿನಲ್ಲಿ ಸಿಕ್ಕಿವೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಆನೆ. ಅದರ ಬೆನ್ನಿನಲ್ಲಿ ಹಳ್ಳ, ಹಳ್ಳದಲ್ಲಿ ಹುಳು ತಿಂದ ನೀಲಿ ಮಖಮಲ್ಲು. ನಾವು ನಸ್ಯದ ಡಬ್ಬಿ ಎಂದು ಕರೆಯುವ ಚಪ್ಪಟೆ ಡಬ್ಬಿ. ತಳದಲ್ಲಿ ಸಾಲು ಗೀರುಗಳಿವೆ. ದೇವರ ಉಬ್ಬುಚಿತ್ರಗಳಿರುವ ಸಕ್ಕರೆ ಬಟ್ಟಲು, ಅಡಿಯಲ್ಲಿ ‘ಪಿ. ಓರ್ ಅಂಡ್ ಸನ್ಸ್’ ಎಂದಿದೆ. ನಾಲ್ಕು ಮುದ್ರೆಗಳಿರುವ ಹಾಲಿನ ಜಗ್ಗು. ದಂತದ್ದೆಂದು ಹೇಳುವ ಹಿಡಿಯ ಕಾಗದ ಸೀಳುವ ಚೂರಿ. ಇವುಗಳ ಜೊತೆಗೆ ನಮ್ಮ ಮುತ್ತಜ್ಜಿಯ ಸುಣ್ಣದ ಡಬ್ಬಿ. ಅದರ ಮೇಲೆ ಯಾವ ಮುದ್ರೆಯೂ ಇಲ್ಲ. ಬೆಳ್ಳಿ ಅಂಗಡಿಯವರೊಬ್ಬರು ‘ಬಿಐಎಸ್ ಮುದ್ರೆ ಇಲ್ಲ, ಕಪ್ಪಾಗಿದೆ, ಕಲಬೆರಕೆ ಇರಬೇಕು, ನೂರಕ್ಕೆ ನಲವತ್ತು ಕಳೆದು ತೆಗೆದುಕೊಳ್ಳುತ್ತೇವೆ’ ಎಂದರು. ನನ್ನ ತಮ್ಮ ‘ಆನೆ ಮೈಸೂರು ಮಹಾರಾಜರು ದೊರೆಗೆ ಕೊಟ್ಟದ್ದು, ಲಂಡನ್ನಿನಲ್ಲಿ ಲಕ್ಷಗಟ್ಟಲೆ ಬರುತ್ತದೆ’ ಎನ್ನುತ್ತಾನೆ. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಒಬ್ಬರು ‘ಕೊರಿಯರ್‌ನಲ್ಲಿ ಕಳುಹಿಸಿ, ಮಾರಿಕೊಡುತ್ತೇನೆ’ ಎಂದಿದ್ದಾರೆ. ಯಾರನ್ನು ನಂಬಲಿ? ಮಾರುವ ಮೊದಲು ಒಪ್ಪ ಹಾಕಿಸಬೇಕೇ? ಫೋಟೋಗಳನ್ನು ಕಳುಹಿಸಿದ್ದೇನೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ತಡವಾದರೆ ಕೈಮೀರಿ ಹೋಗುವುದು ಅದೊಂದೇ. ಯಾವುದನ್ನೂ ತಿಕ್ಕಬೇಡಿ. ವಿಭೂತಿ ಬೇಡ, ಹುಣಸೆಹಣ್ಣು ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಒಪ್ಪದವರ ಯಂತ್ರದ ಚಕ್ರಕ್ಕೆ ಕೊಟ್ಟರೆ ಅರ್ಧ ನಿಮಿಷದಲ್ಲಿ ಮುದ್ರೆ ಸವೆದು ಹೋಗುತ್ತದೆ. ನಿಮ್ಮ ಸಾಮಾನಿನ ಬೆಲೆಯ ದೊಡ್ಡ ಪಾಲು ಇರುವುದು ಆ ಮುದ್ರೆಗಳಲ್ಲೇ.

ನಿಮ್ಮ ಗೊಂದಲ ನನಗೆ ಹೊಸದಲ್ಲ. ಬೆಳ್ಳಿ-ಬಂಗಾರದ ಮೌಲ್ಯ ಕಟ್ಟುವ ಈ ಕಸುಬಿನಲ್ಲಿ, ಕೆ.ಜಿ.ಎಫ್. ಕಡೆಯ ಮನೆಗಳಿಂದ ಬರುವ ಗಂಟುಗಳನ್ನು ಬಿಚ್ಚುವಾಗಲೆಲ್ಲ ಇವೇ ಎರಡು ಮಾತು ಕೇಳುತ್ತೇನೆ: ಒಂದು, ‘ಇದು ಗುಜರಿ’, ಇನ್ನೊಂದು, ‘ಇದು ನಿಧಿ’. ಎರಡನ್ನೂ ಹೇಳುವವರು ಮುದ್ರೆಯನ್ನು ಓದಿರುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಇಂಗ್ಲೆಂಡಿನಿಂದ ಕುಟುಂಬ ಸಮೇತ ಬಂದವರು ಬಹಳ. ಅವರೊಂದಿಗೆ ಚಹಾದ ಸರಂಜಾಮು, ಬರೆಯುವ ಮೇಜಿನ ಸಾಮಾನು, ಹೊಲಿಗೆ ಪೆಟ್ಟಿಗೆ ಎಲ್ಲವೂ ಬಂದವು. 1956ರಲ್ಲಿ ಗಣಿಗಳು ಸರ್ಕಾರದ ಪಾಲಾಗುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಹೊರಟು ಹೋಗಿದ್ದರು, ಇಲ್ಲವೇ ಹೊರಡುವ ತಯಾರಿಯಲ್ಲಿದ್ದರು. ಹೊರಡುವವರು ಹರಾಜು ಹಾಕಿದ್ದು, ಬಟ್ಲರ್‌ಗೋ ಆಯಾಗೋ ಗುಮಾಸ್ತನಿಗೋ ಕೊಟ್ಟದ್ದು ಇಲ್ಲೇ ಉಳಿಯಿತು. ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಟ್ರಂಕಿನಲ್ಲಿ ಬರ್ಮಿಂಗ್‌ಹ್ಯಾಮಿನ ಬೆಳ್ಳಿ ಸಿಗುವುದು ಸಹಜವೇ.

ಅಂಗಡಿಯವರ ಮಾತನ್ನು ಮೊದಲು ನೋಡೋಣ. ನಮ್ಮಲ್ಲಿ ಬೆಳ್ಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಒತ್ತುವ ಮುದ್ರೆ, ಬಂದದ್ದೇ 2005ರಲ್ಲಿ. ಚಿನ್ನಕ್ಕೆ ಆದಂತೆ ಬೆಳ್ಳಿಗೆ ಅದನ್ನು ಕಡ್ಡಾಯ ಮಾಡಿಲ್ಲ. 2025ರ ಸೆಪ್ಟೆಂಬರ್‌ನಿಂದ ಬಂದ, ಪ್ರತಿ ವಸ್ತುವಿಗೂ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತೂ ಐಚ್ಛಿಕವಾಗಿಯೇ ಶುರುವಾಯಿತು. ಅದಕ್ಕೆ ನೂರು ವರ್ಷ ಮೊದಲು ತಯಾರಾದ ಆನೆಯ ಮೇಲೆ ಬಿಐಎಸ್ ಮುದ್ರೆ ಹುಡುಕುವುದರಲ್ಲಿ ಅರ್ಥವಿಲ್ಲ. ಇನ್ನು ಕಪ್ಪಾದದ್ದು ಕಲಬೆರಕೆಯ ಲಕ್ಷಣ ಎಂಬುದು ನಮ್ಮ ಊರುಗಳಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಗುಲಿದಾಗ ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡ್ ಪದರ ಕಟ್ಟುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಕೋಳಿಮೊಟ್ಟೆ ಇವೆಲ್ಲ ಅದನ್ನು ಬೇಗ ತರುತ್ತವೆ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ, ಬೆಳ್ಳಿಯ ಗಿಲೀಟೂ ಕಪ್ಪಾಗುತ್ತದೆ. ಬಣ್ಣ ನೋಡಿ ಶುದ್ಧತೆ ಹೇಳಲು ಆಗುವುದಿಲ್ಲ. ಅಯಸ್ಕಾಂತದ ಪರೀಕ್ಷೆಯೂ ಅಷ್ಟೇ. ಬೆಳ್ಳಿ ಅದಕ್ಕೆ ಅಂಟುವುದಿಲ್ಲ ಎನ್ನುವುದು ನಿಜ; ಹಿತ್ತಾಳೆಯೂ ಅಂಟುವುದಿಲ್ಲ, ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ಒಳಗೆ ಕಬ್ಬಿಣವಿದೆಯೇ ಎಂಬುದನ್ನು ಬಿಟ್ಟು ಬೇರೇನನ್ನೂ ಅದು ಹೇಳಲಾರದು.

ಈಗ ಆನೆಗೆ ಬರುತ್ತೇನೆ. ಇದು ಸೂಜಿಮೆತ್ತೆ, ಹೊಲಿಯುವ ಹೆಂಗಸರು ಗುಂಡುಸೂಜಿ ಚುಚ್ಚಿಡಲು ಇಟ್ಟುಕೊಳ್ಳುತ್ತಿದ್ದದ್ದು. ನಿಮ್ಮ ಮೂರನೆಯ ಫೋಟೋದಲ್ಲಿ ಮಖಮಲ್ಲಿನ ಅಂಚಿನ ಕೆಳಗೆ, ಆನೆಯ ಪಕ್ಕೆಯ ಮೇಲೆ, ಸಾಸಿವೆ ಕಾಳಿನಷ್ಟು ಸಣ್ಣ ಗುರುತುಗಳು ಸಾಲಾಗಿ ಕಾಣುತ್ತಿವೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ತಂದು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಮುದ್ರೆಯ ಆಳ ಗೊತ್ತಾಗುವುದಿಲ್ಲ.

ಮೊದಲಿಗೆ ಎ ಮತ್ತು ಎಲ್ ಅಕ್ಷರಗಳು. ಇದು ತಯಾರಕರ ಮುದ್ರೆ: ಬರ್ಮಿಂಗ್‌ಹ್ಯಾಮಿನ ಏಡಿ ಅಂಡ್ ಲವ್ಕಿನ್. ಪ್ರಾಣಿಗಳ ಆಕಾರದ ಬೆಳ್ಳಿ ಸೂಜಿಮೆತ್ತೆಗಳಿಗೆ ಸಂಗ್ರಹಕಾರರಲ್ಲಿ ಹೆಸರಾದ ಸಂಸ್ಥೆ. ಎರಡನೆಯದು ಲಂಗರು. ಸಮುದ್ರದಿಂದ ಎಷ್ಟೋ ದೂರವಿರುವ ಬರ್ಮಿಂಗ್‌ಹ್ಯಾಮಿಗೆ ಲಂಗರು ಏಕೆ ಎಂದು ಎಲ್ಲರೂ ಕೇಳುತ್ತಾರೆ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಎರಡೂ ಊರುಗಳಿಗೆ ಒಟ್ಟಿಗೇ, ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಪರೀಕ್ಷಾ ಕಚೇರಿ ಸಿಕ್ಕಿತು. ಅದಕ್ಕಾಗಿ ಹೋರಾಡಿದ ಮ್ಯಾಥ್ಯೂ ಬೌಲ್ಟನ್ ಮತ್ತು ಜೊತೆಗಾರರು ಲಂಡನ್ನಿನ ‘ಕ್ರೌನ್ ಅಂಡ್ ಆಂಕರ್’ ಎಂಬ ಪಾನಗೃಹದಲ್ಲಿ ಸೇರುತ್ತಿದ್ದರಂತೆ. ಆ ಹೆಸರಿನ ಕಿರೀಟ ಶೆಫೀಲ್ಡಿಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ ಹೋಯಿತು ಎಂಬ ಕಥೆ ಈ ಕಸುಬಿನಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಮೂರನೆಯದು ಒಂದು ಮುಂಗಾಲೆತ್ತಿ ನಡೆಯುವ ಸಿಂಹ. ಇದೇ ಶುದ್ಧತೆಯ ಮಾತು. 1544ರಿಂದ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿರುವ ಈ ಸಿಂಹ, ಸಾವಿರಕ್ಕೆ 925 ಪಾಲು ಬೆಳ್ಳಿ ಇದೆ ಎಂದು ಸರ್ಕಾರದ ಮಾನ್ಯತೆಯಿರುವ ಕಚೇರಿ ಪರೀಕ್ಷಿಸಿ ಒತ್ತಿದ ಮುದ್ರೆ. ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಅದನ್ನು ಗಟ್ಟಿ ಮಾಡಲು ತಾಮ್ರ ಬೆರೆಸುತ್ತಾರೆ. ಅದನ್ನು ಕಲಬೆರಕೆ ಎನ್ನುವುದು ಸರಿಯಲ್ಲ. ಹಾಗಿರುವಾಗ ನೂರಕ್ಕೆ ನಲವತ್ತು ಕಳೆಯುವ ಲೆಕ್ಕ ಎಲ್ಲಿಂದ ಬಂತು ಎಂದು ನೀವು ಅಂಗಡಿಯಲ್ಲಿ ಧೈರ್ಯವಾಗಿ ಕೇಳಬಹುದು.

ನಾಲ್ಕನೆಯದು ಸಣ್ಣಕ್ಷರದ ಎಫ್. ಇದು ವರ್ಷದ ಅಕ್ಷರ, ಮತ್ತು ಹೊಸಬರು ಎಡವುವುದು ಇಲ್ಲಿಯೇ. ಬರ್ಮಿಂಗ್‌ಹ್ಯಾಮ್ ಕಚೇರಿ ಪ್ರತಿ ವರ್ಷ ಜುಲೈನಲ್ಲಿ ಅಕ್ಷರ ಬದಲಿಸುತ್ತಿತ್ತು. ಅಕ್ಷರಮಾಲೆ ಮುಗಿದರೆ ಲಿಪಿಯ ಶೈಲಿ ಬದಲಿಸಿ ಮತ್ತೆ ಎ ಇಂದ ಶುರು. ಹೀಗಾಗಿ ಎಫ್ ಎಂಬುದು 1854 ಆಗಬಹುದು, 1880 ಆಗಬಹುದು, 1905 ಆಗಬಹುದು, 1930 ಕೂಡ ಆಗಬಹುದು. ಯಾವುದೆಂದು ಹೇಗೆ ತಿಳಿಯುವುದು? 1784ರಿಂದ 1890ರವರೆಗೆ ಬೆಳ್ಳಿಯ ಮೇಲೆ ಸುಂಕವಿತ್ತು. ಸುಂಕ ಕಟ್ಟಿದ್ದಕ್ಕೆ ಗುರುತಾಗಿ ರಾಜ ಅಥವಾ ರಾಣಿಯ ತಲೆಯ ಮುದ್ರೆಯೊಂದು ಹೆಚ್ಚಿಗೆ ಬೀಳುತ್ತಿತ್ತು. ನಿಮ್ಮ ಆನೆಯ ಮೇಲೆ ವಿಕ್ಟೋರಿಯಾ ರಾಣಿಯ ತಲೆ ಇಲ್ಲ. ಅಲ್ಲಿಗೆ 1854 ಮತ್ತು 1880 ಬಿದ್ದುಹೋದವು. 1925ರಿಂದ ಶುರುವಾದ ಸುತ್ತಿನಲ್ಲಿ ದೊಡ್ಡಕ್ಷರಗಳಿದ್ದವು, ನಿಮ್ಮದು ಸಣ್ಣಕ್ಷರ. ಉಳಿದದ್ದು 1905ರ ಜುಲೈಯಿಂದ 1906ರ ಜೂನ್‌ವರೆಗಿನ ಅವಧಿ. ಏಡಿ ಅಂಡ್ ಲವ್ಕಿನ್ ಇಂಥ ಪ್ರಾಣಿಗಳನ್ನು ತಯಾರಿಸುತ್ತಿದ್ದ ಕಾಲಕ್ಕೂ ಇದು ಸರಿಹೊಂದುತ್ತದೆ. ತಯಾರಕ, ಊರು, ಶುದ್ಧತೆ, ವರ್ಷ ಈ ನಾಲ್ಕೂ ಒಂದನ್ನೊಂದು ಎತ್ತಿ ಹಿಡಿಯಬೇಕು. ಒಂದು ತಪ್ಪಿದರೂ ಅನುಮಾನಪಡಬೇಕು. ನಿಮ್ಮದರಲ್ಲಿ ನಾಲ್ಕೂ ಕೂಡಿಬಂದಿವೆ ಎನ್ನುವುದು ನನಗೆ ಸಂತೋಷದ ವಿಷಯ.

ಲಂಗರು ಮತ್ತು ಸಿಂಹ ಕಂಡ ತಕ್ಷಣ ಬರ್ಮಿಂಗ್‌ಹ್ಯಾಮ್ ಎಂದು ಬರೆದುಕೊಳ್ಳಬೇಡಿ ಎಂಬ ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಅಮೆರಿಕದ ಗೋರ್ಹಮ್ ಸಂಸ್ಥೆಯ ಸ್ವಂತ ಮುದ್ರೆಯಲ್ಲೂ ಸಿಂಹ, ಲಂಗರು, ಜೊತೆಗೆ ಜಿ ಅಕ್ಷರ ಇದೆ. ಆ ಸಿಂಹ ಸಾಮಾನ್ಯವಾಗಿ ನಮ್ಮ ಬಲಕ್ಕೆ ನಡೆಯುತ್ತದೆ. ಇಂಗ್ಲಿಷ್ ಸಿಂಹ ಎಡಕ್ಕೆ. ಅದೂ ಒಳ್ಳೆಯ ಬೆಳ್ಳಿಯೇ, ಆದರೆ ಸಂಸ್ಥೆ ತಾನೇ ಒತ್ತಿಕೊಂಡ ಗುರುತು, ಸ್ವತಂತ್ರ ಕಚೇರಿಯ ಪರೀಕ್ಷೆಯಲ್ಲ.

ಹಾಗಾದರೆ ಮಹಾರಾಜರ ಕಥೆ? ಆನೆ ಮೈಸೂರಿನ ನೆನಪು ತರುತ್ತದೆ, ಅದರಿಂದಲೇ ಈ ಕಥೆ ಹುಟ್ಟಿರಬೇಕು. ಆದರೆ ಆ ಕಾಲದ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳು ಆನೆ, ಹಂದಿ, ಕೋಳಿಮರಿ, ಕರಡಿ ಎಲ್ಲವನ್ನೂ ಅಚ್ಚಿನಲ್ಲಿ ಒತ್ತಿ ಅಂಗಡಿಗಳಿಗೆ ಕಳುಹಿಸುತ್ತಿದ್ದವು. ಅರಮನೆಯ ಉಡುಗೊರೆ ಎಂದು ಹೇಳಲು ಮುದ್ರೆಯಲ್ಲಾಗಲಿ ಕೆತ್ತನೆಯಲ್ಲಾಗಲಿ ಏನೂ ಇಲ್ಲ. ದೊರೆಯ ಹೆಂಡತಿ ಹಡಗಿನಲ್ಲಿ ತಂದ ಹೊಲಿಗೆ ಪೆಟ್ಟಿಗೆಯಲ್ಲಿ ಇದೂ ಬಂದಿರುವ ಸಾಧ್ಯತೆಯೇ ಹೆಚ್ಚು. ತಮ್ಮನವರಿಗೆ ಬೇಸರವಾಗಬಾರದು: ಚೆನ್ನಾಗಿ ಉಳಿದ ಇಂಥ ಆನೆಯನ್ನು ಅರಸಿ ಕೊಳ್ಳುವ ಸಂಗ್ರಹಕಾರರು ಇದ್ದಾರೆ. ಲಕ್ಷಗಟ್ಟಲೆ ಎಂಬ ನಿರೀಕ್ಷೆ ಮಾತ್ರ ಬೇಡ.

ತೂಕದ ವಿಷಯ ಇಲ್ಲಿ ಬಹಳ ಮುಖ್ಯ. ಈ ಪ್ರಾಣಿಗಳನ್ನು ಕಾಗದದಷ್ಟು ತೆಳುವಾದ ಬೆಳ್ಳಿ ತಗಡಿನಿಂದ ಎರಡು ಹೋಳಾಗಿ ಒತ್ತಿ ಬೆಸೆಯುತ್ತಿದ್ದರು. ಒಳಗೆ ಟೊಳ್ಳು, ಮೆತ್ತೆಗೆ ತುಂಬಿದ ಮರದ ಹೊಟ್ಟೂ ಉಣ್ಣೆಯೂ ತಕ್ಕಡಿಯಲ್ಲಿ ಬೆಳ್ಳಿಯಂತೆ ತೂಗುತ್ತವೆ. ಅದನ್ನು ತೆಗೆದರೆ ಉಳಿಯುವ ಬೆಳ್ಳಿ ಅತ್ಯಲ್ಪ. ಕರಗಿಸಿದರೆ ಒಂದು ಜೊತೆ ಮಕ್ಕಳ ಕಾಲ್ಗೆಜ್ಜೆಗೂ ಸಾಲದ ಹಣ ಬರುತ್ತದೆ, ನೂರು ವರ್ಷ ದಾಟಿದ ಕೆಲಸ ಹೋಗುತ್ತದೆ. ತೂಕಕ್ಕೆ ಮಾರುವವರಿಗೆ ಇದರಷ್ಟು ನಷ್ಟದ ವಸ್ತು ಇನ್ನೊಂದಿಲ್ಲ. ಹುಳು ತಿಂದ ಮಖಮಲ್ಲನ್ನೂ ಹಾಗೆಯೇ ಬಿಡಿ. ಹೊಸದು ಹಾಕಿಸಿದರೆ ಚೆಂದ ಕಾಣಬಹುದು, ಆದರೆ ಹಳೆಯ ಮೆತ್ತೆ ಇದ್ದರೆ ಕೊಳ್ಳುವವರಿಗೆ ನಂಬಿಕೆ.

ನಿಮ್ಮ ನಸ್ಯದ ಡಬ್ಬಿ ನಸ್ಯದ್ದಲ್ಲ. ತಳದ ಗೀರುಗಳೇ ಹೇಳುತ್ತವೆ: ಬೆಂಕಿಕಡ್ಡಿ ಗೀರಲು ಮಾಡಿದ ಜಾಗ ಅದು. ಎಲ್ಲಿ ಉಜ್ಜಿದರೂ ಹೊತ್ತಿಕೊಳ್ಳುವ ಹಳೆಯ ಕಡ್ಡಿಗಳನ್ನು ಜೇಬಿನಲ್ಲಿ ಹಾಗೇ ಇಟ್ಟುಕೊಳ್ಳುವುದು ಅಪಾಯವಾಗಿತ್ತು. ಅದಕ್ಕೆಂದೇ ಸ್ಪ್ರಿಂಗ್ ಮುಚ್ಚಳದ ಈ ಡಬ್ಬಿಗಳು ಬಂದವು. ವೆಸ್ಟಾ ಡಬ್ಬಿ ಎಂದು ಇವುಗಳ ಹೆಸರು. 1880ರಿಂದ ಮೊದಲ ಮಹಾಯುದ್ಧದ ಸುಮಾರಿಗೆ ಇವುಗಳ ಭರಾಟೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಗಣಿಗೆ ಬಂದಿದ್ದರೂ ಚುಟ್ಟಾ ಹೊತ್ತಿಸಲು ಕಡ್ಡಿ ಬೇಕೇ ಬೇಕಿತ್ತಲ್ಲ. ನಿಮ್ಮದರ ಮೇಲೆ ಮೂರು ಗೋಧಿ ಕಂತೆ ಮತ್ತು ನಡುವೆ ಕತ್ತಿ ಇರುವ ಮುದ್ರೆ ಕಾಣುತ್ತದೆ. ಅದು ಚೆಸ್ಟರ್ ಕಚೇರಿಯದು. 1962ರಲ್ಲಿ ಆ ಕಚೇರಿ ಮುಚ್ಚಿತು. ಬರ್ಮಿಂಗ್‌ಹ್ಯಾಮಿನ ಎಷ್ಟೋ ತಯಾರಕರು ಅಲ್ಲಿಗೂ ಮಾಲು ಕಳುಹಿಸುತ್ತಿದ್ದರು. ವರ್ಷದ ಅಕ್ಷರ ಫೋಟೋದಲ್ಲಿ ಮಸುಕಾಗಿದೆ, ಮಸೂರದಲ್ಲಿ ನೋಡಿ.

ಇದರಲ್ಲಿ ಎರಡು ವಿಷಯ ಪರೀಕ್ಷಿಸಬೇಕು. ಮುಚ್ಚಳದ ಒಳಗೂ ಪುಟ್ಟ ಸಿಂಹ ಇದೆಯೇ? ಬಿಡಿಯಾಗಬಲ್ಲ ಭಾಗಗಳಿಗೂ ಮುದ್ರೆ ಬೀಳುವುದು ರೂಢಿ. ಡಬ್ಬಿಗಿದ್ದು ಮುಚ್ಚಳಕ್ಕಿಲ್ಲದಿದ್ದರೆ ಮುಚ್ಚಳ ಬೇರೆಲ್ಲಿಂದಲೋ ಬಂದಿರಬಹುದು. ಎರಡನೆಯದು, ಮುಖದ ಮೇಲೆ ಕೆತ್ತಿರುವ ಹೆಸರಿನ ಮೊದಲಕ್ಷರಗಳು. ಹಳೆಯ ಹೆಸರು ಏಕೆ ಎಂದು ಅದನ್ನು ಅಳಿಸಲು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ಅಳಿಸಿದ ಕಡೆ ತಗಡು ಸವೆದು, ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ತಗ್ಗುತ್ತದೆ. ಅಂಥ ಡಬ್ಬಿಯ ಬೆಲೆ ಬೀಳುತ್ತದೆ. ಇನ್ನೊಂದು ಮಾತು: ಆ ಅಕ್ಷರಗಳು ನಿಮ್ಮ ಮುತ್ತಾತನ ದೊರೆಯ ಹೆಸರಿಗೆ ಹೊಂದಿದರೆ, ಮನೆಯಲ್ಲಿ ಹೇಳಿಕೊಂಡು ಬಂದ ಕಥೆಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಬೇಡ. ಮುತ್ತಾತನ ಚಾಕರಿ ಪತ್ರವೋ ಹಳೆಯ ಗುಂಪು ಫೋಟೋವೋ ಇದೆಯೇ ಎಂದು ಟ್ರಂಕಿನ ತಳದಲ್ಲಿ ಹುಡುಕಿ.

ಹಾಲಿನ ಜಗ್ಗಿನ ವಿಷಯದಲ್ಲಿ ಸುದ್ದಿ ಅಷ್ಟು ಒಳ್ಳೆಯದಲ್ಲ. ಆ ನಾಲ್ಕು ಚೌಕಟ್ಟುಗಳಲ್ಲಿ ಸಿಂಹವಿಲ್ಲ. ಅಲಂಕಾರದ ಲಿಪಿಯಲ್ಲಿ ಇ, ಪಿ, ಎನ್, ಎಸ್ ಎಂದಿದೆ. ನಿಕ್ಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು ಎಂದು ಅದರ ಅರ್ಥ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ನರು 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮಧ್ಯಮ ವರ್ಗದ ಮೇಜುಗಳು ಇಂಥ ಸಾಮಾನಿನಿಂದ ತುಂಬಿದವು. ಒಳಗಿನ ಲೋಹ ತಾಮ್ರ, ನಿಕ್ಕಲ್, ಸತು. ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವ ಜಾತಿಯದೇ. ಅದರಲ್ಲಿ ಬೆಳ್ಳಿ ಇಲ್ಲ. ಮುದ್ರೆಗಳನ್ನು ಹಾಲ್‌ಮಾರ್ಕಿನಂತೆ ಕಾಣುವ ಹಾಗೆ ಜೋಡಿಸುವುದು ಆ ಕಾಲದ ವ್ಯಾಪಾರದ ಜಾಣತನ. ಹಿಡಿಯ ಮೂಲೆಯಲ್ಲಿ ಲೇಪ ಸವೆದು ಹಳದಿ ಮಿಶ್ರಿತ ಬೂದು ಬಣ್ಣ ಕಾಣುತ್ತಿರುವುದು ನಿಮ್ಮ ಫೋಟೋದಲ್ಲೂ ಸ್ಪಷ್ಟ. ಎಕ್ಸ್-ಕಿರಣದಿಂದ ಲೋಹ ಗುರುತಿಸುವ ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಇಟ್ಟರೆ ಅದು ‘ಬೆಳ್ಳಿ’ ಎಂದೇ ತೋರಿಸಬಹುದು, ಏಕೆಂದರೆ ಯಂತ್ರ ಓದುವುದು ಮೇಲ್ಪದರವನ್ನಷ್ಟೇ. ಆ ಚೀಟಿ ಹಿಡಿದು ಯಾರಿಗೂ ಬೆಳ್ಳಿ ಎಂದು ಮಾರಬೇಡಿ. ಮನೆಯಲ್ಲಿ ಹಾಲು ಹಾಕಿ ಬಳಸಿ, ಚೆನ್ನಾಗಿದೆ.

ಸಕ್ಕರೆ ಬಟ್ಟಲು ನಿಮ್ಮ ಗಂಟಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಪಿ. ಓರ್ ಅಂಡ್ ಸನ್ಸ್ ಮದ್ರಾಸಿನ ಮೌಂಟ್ ರಸ್ತೆಯಲ್ಲಿದ್ದ ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಗಡಿಯಾರ ಮತ್ತು ಬೆಳ್ಳಿ ಅಂಗಡಿ. ದೇವರ ಮೂರ್ತಿಗಳನ್ನು ಉಬ್ಬುಗೆಲಸದಲ್ಲಿ ಸಾಲಾಗಿ ತೋರಿಸುವ ಶೈಲಿಯನ್ನು ಇಂಗ್ಲಿಷರು ಸ್ವಾಮಿ ಕೆಲಸ ಎಂದು ಕರೆದರು. 1875ರಲ್ಲಿ ವೇಲ್ಸ್ ರಾಜಕುಮಾರ ಮದ್ರಾಸಿಗೆ ಬಂದು ಹೋದ ಮೇಲೆ ಇದಕ್ಕೆ ಬೇಡಿಕೆ ಏರಿತು. ಬಟ್ಟಲು ಇಂಗ್ಲಿಷ್ ಆಕಾರದ್ದು, ಅದರ ಮೇಲೆ ಸುತ್ತಿ ಬರುವ ಗಣಪತಿ, ಕೃಷ್ಣ, ನಂದಿಯರು ನಮ್ಮ ದಕ್ಷಿಣದ ಅಕ್ಕಸಾಲಿಗಳ ಸುತ್ತಿಗೆಯವರು. ನಂದಿಯ ಕೊರಳ ಗಂಟೆಯನ್ನು ಮಸೂರದಲ್ಲಿ ನೋಡಿ. ಗಂಟೆಯೊಳಗಿನ ನಾಲಗೆಯನ್ನೂ ಬಿಡದೆ ತಟ್ಟಿದ್ದಾರೆ. ಇಂಥ ಕೆಲಸವನ್ನು ಅಚ್ಚಿನಿಂದ ತೆಗೆಯಲಾಗದು.

ಇದರ ಮೇಲೆ ಸಿಂಹವೂ ಇಲ್ಲ, ವರ್ಷವೂ ಇಲ್ಲ. ಆಗ ಭಾರತದಲ್ಲಿ ಪರೀಕ್ಷಾ ಕಚೇರಿಯೇ ಇರಲಿಲ್ಲ, ಮುದ್ರೆ ಕಡ್ಡಾಯವೂ ಆಗಿರಲಿಲ್ಲ. ಅಂಗಡಿಯ ಹೆಸರೇ ಖಾತರಿ. ಮದ್ರಾಸಿನ ಓರ್, 1808ರಲ್ಲಿ ಶುರುವಾದ ಕಲ್ಕತ್ತೆಯ ಹ್ಯಾಮಿಲ್ಟನ್, ನಮ್ಮ ಬೆಂಗಳೂರಿನ ಬಾರ್ಟನ್, ಭುಜ್‌ನ ಓಮರ್ಸಿ ಮಾವ್ಜಿ ಹೀಗೆ ಹೆಸರುಗಳನ್ನೇ ಕಲಿಯಬೇಕು. ಹ್ಯಾಮಿಲ್ಟನ್ನರು ಪುಟ್ಟ ಆನೆಯ ಮುದ್ರೆ ಒತ್ತುತ್ತಿದ್ದರು. ಅದು ಹಾಲ್‌ಮಾರ್ಕಿನಂತೆ ಕಂಡರೂ ಸಂಸ್ಥೆಯ ಸ್ವಂತ ಗುರುತೇ. ಓರ್ ಬಟ್ಟಲಿನ ಶುದ್ಧತೆ ತಿಳಿಯಬೇಕೆಂದರೆ ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ, ತಳದ ಒಳಭಾಗದಲ್ಲಿ, ಗೀರದೆ ಯಂತ್ರದಿಂದ ಓದಿಸಿ. ಒರೆಗಲ್ಲಿಗೆ ಉಜ್ಜಲು ಅಥವಾ ಆಮ್ಲದ ಹನಿ ಬಿಡಲು ಒಪ್ಪಬೇಡಿ.

ಮುತ್ತಜ್ಜಿಯ ಸುಣ್ಣದ ಡಬ್ಬಿಗೆ ಮುದ್ರೆ ಇಲ್ಲದಿರುವುದು ದೋಷವೇ ಅಲ್ಲ. ಮನೆಗೆ ಗೊತ್ತಿರುವ ಅಕ್ಕಸಾಲಿಯ ಬಳಿ ಬೆಳ್ಳಿ ರೂಪಾಯಿಗಳನ್ನು ಕೊಟ್ಟು ಕರಗಿಸಿ ಮಾಡಿಸಿಕೊಳ್ಳುವುದು ಆ ಕಾಲದ ಪದ್ಧತಿ. 1940ಕ್ಕೆ ಮೊದಲಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಇತ್ತು. ಆಮೇಲೆ ಅದನ್ನು ಅರ್ಧಕ್ಕೆ ಇಳಿಸಿದರು. ಆದ್ದರಿಂದ ಹಳೆಯ ಮನೆ ಸಾಮಾನು ಹೆಚ್ಚಾಗಿ ಸಿಂಹದ ಮುದ್ರೆಯ ಬೆಳ್ಳಿಗೆ ಸಮೀಪವೇ ಇರುತ್ತದೆ. ಸುಣ್ಣದ ಕಾಯಿ, ಕುಂಕುಮ ಭರಣಿ, ಪನ್ನೀರುದಾನಿಗಳನ್ನು ನಮ್ಮವರು ಕರಗಿಸುವ ವೇಗ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಂಗ್ಲಿಷ್ ಆನೆಗೆ ಅದರ ದೇಶದಲ್ಲಿ ಪುಸ್ತಕಗಳಿವೆ, ಪಟ್ಟಿಗಳಿವೆ. ಕೋಲಾರ, ತುಮಕೂರು ಕಡೆಯ ಅಕ್ಕಸಾಲಿಗಳ ಕೆಲಸಕ್ಕೆ ಉಳಿದಿರುವ ದಾಖಲೆ ಆ ವಸ್ತುಗಳೇ. ಈ ಡಬ್ಬಿಯನ್ನು ಮಾರಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಚೂರಿಯ ಹಿಡಿ ಬೇರೆಯೇ ಸಮಸ್ಯೆ. ಅದು ನಿಜವಾಗಿ ದಂತವೇ ಎಂದು ಮೊದಲು ತಿಳಿಯಬೇಕು. ಹಿಡಿಯ ತುದಿಯ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಬಲೆಯಂಥ ಗೆರೆಗಳಿದ್ದರೆ ದಂತ. ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಮೂಳೆ. ತೀರಾ ಅಚ್ಚುಕಟ್ಟಾದ ಸಮಾನಾಂತರ ಗೆರೆಗಳಿದ್ದರೆ ಸೆಲ್ಯುಲಾಯ್ಡ್. ಬಿಸಿ ಸೂಜಿ ಚುಚ್ಚಿ ನೋಡುವ ಸಲಹೆಯನ್ನು ಪಾಲಿಸಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ದಂತವಾದರೆ ಅದನ್ನು ಮಾರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ. ನೂರು ವರ್ಷ ಹಳೆಯದು, ಮನೆಯಲ್ಲೇ ಇತ್ತು ಎಂಬ ಕಾರಣಕ್ಕೆ ವ್ಯಾಪಾರಕ್ಕೆ ವಿನಾಯಿತಿ ಇಲ್ಲ. ಕೋಲಾರದ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಇಟ್ಟುಕೊಳ್ಳಲು ಏನು ಕಾಗದ ಬೇಕು ಎಂದು ವಿಚಾರಿಸಿ.

ಫೇಸ್‌ಬುಕ್ಕಿನ ವ್ಯಕ್ತಿಗೆ ಕೊರಿಯರ್ ಮಾಡುವ ಯೋಚನೆಯನ್ನು ಇವತ್ತೇ ಬಿಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯಡಿ ನೂರು ವರ್ಷ ತುಂಬಿದ ಕಲಾಕುಶಲ ವಸ್ತು ಪ್ರಾಚ್ಯವಸ್ತುವಿನ ವ್ಯಾಪ್ತಿಗೆ ಬರುತ್ತದೆ. ಅದನ್ನು ದೇಶದಿಂದ ಹೊರಕ್ಕೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಸಂಸ್ಥೆಗೆ ಮಾತ್ರ. ನಿಮ್ಮ ಆನೆಗೆ ನೂರು ದಾಟಿದೆ, ಬಟ್ಟಲಿಗೂ ದಾಟಿರಬಹುದು. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಕಳುಹಿಸಿದವರ ಹೆಸರು ನಿಮ್ಮದೇ. ನೂರು ತುಂಬಿಲ್ಲ ಎನಿಸಿದ ವಸ್ತುವಿಗೂ ಭಾರತೀಯ ಪುರಾತತ್ವ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಕೇಳಿ ಮುಂದುವರಿಯುವುದು ಲೇಸು. ಕಾನೂನು ಪಕ್ಕಕ್ಕಿಟ್ಟರೂ, ಕಂಡಿಲ್ಲದ ಮನುಷ್ಯನ ಕೈಗೆ ವಸ್ತು ಹೋದ ಮೇಲೆ ಅದರ ಬೆಲೆ ಕಟ್ಟುವವನು ಅವನೇ.

ದೇಶದೊಳಗೆ ಮಾರಬಹುದು. ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಹಳೆಯ ಬೆಳ್ಳಿ ಬಲ್ಲ ವ್ಯಾಪಾರಿಗಳಿದ್ದಾರೆ, ಹರಾಜು ಸಂಸ್ಥೆಗಳಿವೆ. ಪ್ರಾಚ್ಯವಸ್ತು ಕೊಳ್ಳುವ ವ್ಯಾಪಾರಿಗೆ ಪರವಾನಗಿ ಇರಬೇಕು, ತೋರಿಸಲು ಕೇಳಿ. ವ್ಯಾಪಾರಿ ಕೈಗೆ ಕೈ ಹಣ ಕೊಡುತ್ತಾರೆ, ಆದರೆ ತಮ್ಮ ಲಾಭ ಇಟ್ಟುಕೊಂಡೇ ಕೊಡುತ್ತಾರೆ. ಹರಾಜಿನಲ್ಲಿ ಹೆಚ್ಚು ಬರಬಹುದು, ಆದರೆ ಕಮಿಷನ್ ಇದೆ, ತಿಂಗಳುಗಟ್ಟಲೆ ಕಾಯಬೇಕು, ಯಾರೂ ಕೂಗದೆ ವಾಪಸ್ ಬರುವ ಸಾಧ್ಯತೆಯೂ ಇದೆ. ಇಂಟರ್ನೆಟ್ಟಿನಲ್ಲಿ ಮಾರುವವರು ಹಾಕಿರುವ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಹರಾಜಿನಲ್ಲಿ ಮಾರಾಟವಾಗಿ ಮುಗಿದ ಬೆಲೆಗಳನ್ನು ಮಾತ್ರ ನೋಡಿ. ಎರಡರ ನಡುವಿನ ಅಂತರ ದೊಡ್ಡದು.

ಇವುಗಳನ್ನು ನೋಡುತ್ತ ನಿಮಗೇ ಸಂಗ್ರಹದ ಹುಚ್ಚು ಹತ್ತಿದರೆ ಆಶ್ಚರ್ಯವಿಲ್ಲ, ಅದು ಒಳ್ಳೆಯ ಹುಚ್ಚು. ಆಗ ನಕಲಿಯ ಬಗ್ಗೆ ಎಚ್ಚರ ಬೇಕು. ಹಳೆಯ ಚಮಚದ ಮುದ್ರೆಯಿರುವ ತುಂಡನ್ನು ಕತ್ತರಿಸಿ ದೊಡ್ಡ ವಸ್ತುವಿನ ತಳಕ್ಕೆ ಬೆಸೆಯುವುದು ಬಹಳ ಹಳೆಯ ಮೋಸ. ಮುದ್ರೆಯ ಮೇಲೆ ಬಾಯಿಯ ಉಸಿರು ಬಿಡಿ. ಆವಿ ಆರುವಾಗ ಸುತ್ತಲೂ ಬೆಸುಗೆಯ ಗೆರೆ ಮೂಡಿದರೆ ಬಿಟ್ಟುಬಿಡಿ. ನಿಜವಾದ ಮುದ್ರೆ ಉಕ್ಕಿನ ಠಸ್ಸೆಯಿಂದ ಬಿದ್ದದ್ದು, ಅಂಚು ಕಡಿದಂತೆ ಇರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಮುದ್ರೆಯೂ ಎರಕದ ಜೊತೆಗೇ ಬರುವುದರಿಂದ ಅಂಚು ಕರಗಿದಂತಿದ್ದು, ಒಳಗೆ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಪ್ರಾಣಿ ಸೂಜಿಮೆತ್ತೆಗಳಲ್ಲಿ ಹೊಸ ನಕಲುಗಳು ಸಾಕಷ್ಟು ಬಂದಿವೆ. ಚಿತ್ರವಿಲ್ಲದ ಹಳೆಯ ವೆಸ್ಟಾ ಡಬ್ಬಿಯ ಮೇಲೆ ಹೊಸದಾಗಿ ಮೀನಾಕಾರಿ ಬಣ್ಣದ ಚಿತ್ರ ಬರೆಸಿ ದುಬಾರಿಗೆ ಮಾರುವುದೂ ಉಂಟು. ಡಬ್ಬಿಯೂ ಮುದ್ರೆಯೂ ಹಳೆಯವೇ, ಚಿತ್ರ ಮಾತ್ರ ಹೊಸದು.

ಇಟ್ಟುಕೊಳ್ಳುವುದಾದರೆ ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಬಟ್ಟಲು ತೀರಾ ಜಿಡ್ಡಾಗಿದ್ದರೆ ಉಗುರುಬೆಚ್ಚನೆಯ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ತಕ್ಷಣ ಒರೆಸಿ ಒಣಗಿಸುವುದು. ಆನೆಗೆ ನೀರು ತಾಕಿಸಬೇಡಿ, ಒಳಗಿನ ಹೊಟ್ಟು ಕೊಳೆಯುತ್ತದೆ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಅದು ಕೆಲಸ ಮಾಡುವುದು ನಿಜ, ಆದರೆ ದೇವರ ಮೂರ್ತಿಗಳ ಸಂದಿಯಲ್ಲಿ ಕೂತು ಕೆಲಸವನ್ನು ಎತ್ತಿ ತೋರಿಸುವ ಕಪ್ಪನ್ನೂ ಎಳೆದುಕೊಂಡು ಹೋಗಿ ಬಟ್ಟಲನ್ನು ಬಿಳಚು ಮಾಡುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ, ದಿನಪತ್ರಿಕೆಯ ಕಾಗದದಲ್ಲಿ ಸುತ್ತಿಡಬೇಡಿ. ಒಗೆದ ಹಳೆಯ ಪಂಚೆಯ ತುಂಡು ಒಳ್ಳೆಯದು. ಪೆಟ್ಟಿಗೆಯಲ್ಲಿ ಒಂದೆರಡು ಸೀಮೆಸುಣ್ಣದ ಕಡ್ಡಿ ಇಟ್ಟರೆ ತೇವ ಹೀರಿಕೊಳ್ಳುತ್ತದೆ.

ತಮ್ಮನವರೂ ಪಾಲುದಾರರಾದ್ದರಿಂದ, ಯಾವುದನ್ನೇ ಮಾರುವ ಅಥವಾ ಹಂಚುವ ಮುನ್ನ ಇಬ್ಬರೂ ಕೂತು ಪಟ್ಟಿಯೊಂದನ್ನು ಮಾಡಿ: ವಸ್ತು, ಅಳತೆ, ತೂಕ, ಮುದ್ರೆಯ ಹತ್ತಿರದ ಫೋಟೋ, ಅಮ್ಮನಿಂದ ಕೇಳಿದ ಕಥೆ. ಕೊನೆಯದನ್ನು ಅಮ್ಮನ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಕೊಳ್ಳಲು ಆಸಕ್ತಿ ಇಲ್ಲದ ಒಬ್ಬ ಮೌಲ್ಯಮಾಪಕರಿಂದ ಬರಹದಲ್ಲಿ ಬೆಲೆ ಪಡೆಯಿರಿ, ಲೋಹದ ಬೆಲೆ ಬೇರೆ, ವಸ್ತುವಿನ ಬೆಲೆ ಬೇರೆ ಎಂದು ಎರಡು ಕಾಲಂಗಳಲ್ಲಿ. ಯಾವ ಅಂಗಡಿಗಾದರೂ ತೋರಿಸಲು ಬಿಟ್ಟುಬರುವುದಿದ್ದರೆ ಮುದ್ರೆಗಳ ವಿವರ ಬರೆದ ರಸೀತಿ ಇಲ್ಲದೆ ಬಿಡಬೇಡಿ. ವೆಸ್ಟಾ ಡಬ್ಬಿಯ ವರ್ಷದ ಅಕ್ಷರ ಮಸೂರದಲ್ಲಿ ಸ್ಪಷ್ಟವಾದರೆ, ಅದರ ಸುತ್ತಲಿನ ಚೌಕಟ್ಟಿನ ಆಕಾರವೂ ಕಾಣುವಂತೆ ಇನ್ನೊಂದು ಫೋಟೋ ಕಳುಹಿಸಿ. ಯಾವ ಸುತ್ತಿನ ಅಕ್ಷರ ಎಂದು ನೋಡಿ ಹೇಳುತ್ತೇನೆ.